ಗುರಿಯನ್ನೇ ಪ್ರಶ್ನಿಸುವ ಗ್ರಂಥ

ಕ್ರೈಸ್ತರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಪರೀಕ್ಷೆಯ ದಿನ ಬೆಳಿಗ್ಗೆ ಬರುವ ವಾಟ್ಸ್‌ಆ್ಯಪ್ ಸಂದೇಶದಲ್ಲಿ, ಹೊಸ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಮತ್ತೆ ಮತ್ತೆ ಕಾಣಸಿಗುವ ವಚನವೊಂದಿದೆ. ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ. ದೇವರು ನಿನ್ನ ವಿಷಯದಲ್ಲಿ ಒಳ್ಳೆಯದನ್ನೇ ಯೋಚಿಸಿದ್ದಾನೆ, ನಿನಗೊಂದು ನಾಳೆಯಿದೆ ಎಂಬುದು ಅದರ ಭಾವ. ಓದುವವರು ಅದನ್ನು ತಮ್ಮ ತಮ್ಮ ಆಸೆಗೆ ಹೊಂದಿಸಿಕೊಳ್ಳುತ್ತಾರೆ. ಮೆಡಿಕಲ್ ಸೀಟು ಸಿಗುತ್ತದೆ, ದುಬೈ ವೀಸಾ ಬರುತ್ತದೆ, ಸಾಲ ತೀರುತ್ತದೆ.

ಆ ವಚನ ಒಂದು ಪತ್ರದ ನಡುವಿನದು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಮಣಿಸಿ, ಅಲ್ಲಿನ ಅರಸನನ್ನೂ ಅಧಿಕಾರಿಗಳನ್ನೂ ಕಮ್ಮಾರರನ್ನೂ ಕುಶಲಕರ್ಮಿಗಳನ್ನೂ ಸೆರೆಹಿಡಿದು ಒಯ್ದ. ಹಾಗೆ ಹೋದವರಿಗೆ ಇದ್ದದ್ದು ಒಂದೇ ಗುರಿ: ಊರಿಗೆ ಮರಳುವುದು. ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ಸು ಬರುತ್ತಾರೆಂದು ಹನನ್ಯನೆಂಬ ಪ್ರವಾದಿ ಯೆರೂಸಲೇಮಿನ ದೇವಾಲಯದಲ್ಲಿ ನಿಂತು ಸಾರಿದ. ಜನ ಕಾದಿದ್ದುದು ಅದೇ ಮಾತಿಗೆ. ಪ್ರವಾದಿ ಯೆರೆಮೀಯ ಸೆರೆಹೋದವರಿಗೆ ಬರೆದು ಕಳಿಸಿದ್ದು ಬೇರೆಯೇ. ಎಪ್ಪತ್ತು ವರ್ಷ ಹಿಡಿಯುತ್ತದೆ. ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ ಎಂದ. ಒಳ್ಳೆಯ ನಾಳೆಯ ಭರವಸೆ ಬರುವುದು ಇಷ್ಟೆಲ್ಲ ಹೇಳಿದ ಮೇಲೆ. ಪತ್ರವನ್ನು ಕೇಳಿಸಿಕೊಂಡ ವಯಸ್ಕರಲ್ಲಿ ಬಹುಪಾಲು ಜನ ಊರಿನ ಮುಖ ನೋಡದೆಯೇ ಬಾಬಿಲೋನಿನಲ್ಲಿ ಕಣ್ಣು ಮುಚ್ಚಿರಬೇಕು. ಒಂದು ಜನಾಂಗದ ಬಾಳು ಇಲ್ಲಿಗೆ ಮುಗಿಯುವುದಿಲ್ಲ ಎಂಬ ಭರವಸೆ ಅದು. ಒಬ್ಬೊಬ್ಬರ ಬಯಕೆಯ ಪಟ್ಟಿಗೆ ಅಲ್ಲಿ ಒಪ್ಪಿಗೆಯ ಸಹಿ ಬೀಳಲಿಲ್ಲ.

ಬೈಬಲನ್ನು ಬಾಳಿನ ಮಾರ್ಗದರ್ಶಿಯೆಂದು ನಂಬಿದ್ದೇನೆ ಎಂದು ಯಾರಾದರೂ ಹೇಳಿದಾಗ, ನಂಬಿದ್ದು ಹನನ್ಯನನ್ನೋ ಯೆರೆಮೀಯನನ್ನೋ ಎಂದು ಕೇಳಬೇಕೆನ್ನಿಸುತ್ತದೆ. ಈ ಗ್ರಂಥವನ್ನು ನಂಬಿ ಓದುವವರಲ್ಲಿ ನಾನೂ ಒಬ್ಬನಾದ್ದರಿಂದ ಈ ಪ್ರಶ್ನೆ ನನಗೆ ಹೊರಗಿನದಲ್ಲ. ಒಂದು ಗ್ರಂಥವನ್ನು ನಂಬುವುದೆಂದರೆ ನಿಜವಾಗಿ ಏನು ಮಾಡಿದಂತೆ? ತತ್ತ್ವಶಾಸ್ತ್ರ ಇದನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡಿದೆ.

ನಮ್ಮ ನ್ಯಾಯದರ್ಶನ ತಿಳಿವಿಗೆ ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ನಾಲ್ಕನೆಯದಾದ ಶಬ್ದವೆಂದರೆ ಆಪ್ತನ ಮಾತು. ವಿಷಯವನ್ನು ತಾನೇ ಕಂಡು ಬಲ್ಲವನಾಗಿ, ಬಲ್ಲದ್ದನ್ನು ಬಲ್ಲಂತೆ ತಿಳಿಸುವ ಮನಸ್ಸುಳ್ಳವನು ಆಪ್ತ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಇಲ್ಲಿ ಒಂದು ಉದಾರವಾದ ಮಾತು ಸೇರಿಸುತ್ತಾನೆ: ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಮಾತಿನ ಬೆಲೆಯನ್ನು ಹೇಳಿದವನ ಕುಲ ನಿರ್ಧರಿಸುವುದಿಲ್ಲ. ಯೋಚಿಸಿ ನೋಡಿದರೆ ನಮ್ಮ ಅರಿವಿನ ಬಹುಭಾಗ ಇಂಥ ಮಾತಿನ ಮೇಲೆಯೇ ನಿಂತಿದೆ. ನಾನು ಹುಟ್ಟಿದ ದಿನವನ್ನು ನಾನು ನೋಡಿ ತಿಳಿದದ್ದಲ್ಲ. ಯಾರೋ ಹೇಳಿದರು, ನಂಬಿದೆ. 18ನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಇದೇ ವಿಷಯ ಚರ್ಚೆಗೆ ಬಂತು. ಜನರ ಹೇಳಿಕೆ ವಾಸ್ತವಕ್ಕೆ ಹೊಂದುತ್ತದೆಂದು ಅನುಭವ ತೋರಿಸಿಕೊಟ್ಟಷ್ಟು ಮಟ್ಟಿಗೆ ಮಾತ್ರ ನಂಬಬೇಕೆಂದು ಡೇವಿಡ್ ಹ್ಯೂಮ್ ವಾದಿಸಿದ. ಇನ್ನೊಬ್ಬರ ಮಾತನ್ನು ನಂಬುವ ಗುಣ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು, ಮಗು ಮೊದಲು ನಂಬುತ್ತದೆ, ಸಂಶಯಪಡುವುದನ್ನು ಆಮೇಲೆ ಕಲಿಯುತ್ತದೆ ಎಂದು ಥಾಮಸ್ ರೀಡ್ 1764ರ ತನ್ನ ಗ್ರಂಥದಲ್ಲಿ ಉತ್ತರಿಸಿದ. ರೀಡನ ಮಾತೇ ನನಗೆ ಬಾಳಿಗೆ ಹತ್ತಿರವಾಗಿ ಕಾಣುತ್ತದೆ, ಹ್ಯೂಮನ ಎಚ್ಚರ ಬೇಡವೆಂದಲ್ಲ.

ಗ್ರಂಥದ ವಿಷಯಕ್ಕೆ ಬಂದಾಗ ಮೀಮಾಂಸಕರು ಇನ್ನೊಂದು ದಾರಿ ಹಿಡಿದರು. ವೇದಕ್ಕೆ ಕರ್ತೃವೇ ಇಲ್ಲ, ಆದ್ದರಿಂದ ಕರ್ತೃವಿನ ದೋಷಗಳು ಅದನ್ನು ಮುಟ್ಟುವುದಿಲ್ಲ ಎಂದರು. ಬೈಬಲ್ ಆ ದಾರಿಯಲ್ಲಿ ನಡೆಯಲಾರದು. ಪ್ರೊಟೆಸ್ಟಂಟರ ಲೆಕ್ಕದಲ್ಲಿ 66, ಕ್ಯಾಥೊಲಿಕರ ಲೆಕ್ಕದಲ್ಲಿ 73 ಪುಸ್ತಕಗಳ ಸಂಪುಟ ಅದು. ಹೀಬ್ರೂ, ಅರಾಮಿಕ್, ಗ್ರೀಕ್ ಭಾಷೆಗಳಲ್ಲಿ ಅನೇಕ ಶತಮಾನಗಳ ಉದ್ದಕ್ಕೂ ಅನೇಕ ಕೈಗಳು ಬರೆದದ್ದು. ಆ ಕೈಗಳನ್ನು ಅದು ಮುಚ್ಚಿಡುವುದೂ ಇಲ್ಲ. ಲೂಕ ತನ್ನ ಸುವಾರ್ತೆಯನ್ನು ಶುರುಮಾಡುವುದೇ ತಾನು ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎಂಬ ಅರಿಕೆಯಿಂದ. ದಾವೀದ ಇನ್ನೊಬ್ಬನ ಹೆಂಡತಿಯನ್ನು ಕೂಡಿ ಆ ಗಂಡನನ್ನು ಯುದ್ಧದ ಮುಂಚೂಣಿಗೆ ನೂಕಿ ಕೊಲ್ಲಿಸಿದ್ದನ್ನು, ಪೇತ್ರ ತನ್ನ ಗುರುವನ್ನು ಅರಿಯೆನೆಂದದ್ದನ್ನು ಗ್ರಂಥವೇ ಬಿಚ್ಚಿ ಹೇಳುತ್ತದೆ. ಇಂಥ ಮನುಷ್ಯರ ಬಾಯಿಂದಲೇ ದೇವರು ಮಾತಾಡಿದ್ದಾನೆ ಎಂಬುದು ಕ್ರೈಸ್ತರ ನಂಬಿಕೆ. ಹಾಗಾಗಿ ಬೈಬಲನ್ನು ನಂಬುವುದು ಒಂದು ಸಲ ಪ್ರಮಾಣಪತ್ರ ನೋಡಿ ಮುಗಿಸುವ ಕೆಲಸವಾಗದೆ, ಸಾಕ್ಷಿ ಹೇಳುವವರ ಜೊತೆ ಬಹುಕಾಲ ಕೂತು ಕೇಳುವ ಕೆಲಸವಾಗುತ್ತದೆ.

ಇನ್ನೊಂದು ಭೇದವನ್ನು ಆನೆಟ್ ಬೈಯರ್ ಎಂಬ ತತ್ತ್ವಜ್ಞೆ 1986ರ ಪ್ರಬಂಧವೊಂದರಲ್ಲಿ ಸ್ಪಷ್ಟಪಡಿಸಿದರು. ಒಂದರ ಮೇಲೆ ಭರವಸೆಯಿಟ್ಟು ಲೆಕ್ಕ ಹಾಕುವುದು ಬೇರೆ, ಒಬ್ಬರನ್ನು ನಂಬುವುದು ಬೇರೆ. ನಂಬುವಾಗ ನಾವು ಇನ್ನೊಬ್ಬರ ಸದ್ಭಾವಕ್ಕೆ ನಮ್ಮನ್ನು ಒಪ್ಪಿಸಿಕೊಳ್ಳುತ್ತೇವೆ, ನೋವಾಗುವ ಸಾಧ್ಯತೆಗೂ ಎದೆ ತೆರೆದಿರುತ್ತೇವೆ. ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ನೋಡುವವನು ಎಲ್ಲಿಗೆ ಹೋಗಬೇಕೆಂದು ಆಗಲೇ ತೀರ್ಮಾನಿಸಿರುತ್ತಾನೆ; ಪಟ್ಟಿ ಹೊತ್ತನ್ನಷ್ಟೇ ತಿಳಿಸುತ್ತದೆ. ಮನೆಯ ಹಿರಿಯಕ್ಕನ ಹತ್ತಿರ ಹೋದರೆ ಆಕೆ ದಾರಿ ಹೇಳುವ ಮೊದಲು, ಅಲ್ಲಿಗೆ ಯಾಕೆ ಹೊರಟೆ ಎಂದು ಕೇಳಿಯಾಳು. ವೈಯಕ್ತಿಕ ಗುರಿಗಳನ್ನು ಹಿಡಿದುಕೊಂಡು ಬೈಬಲಿನ ಬಳಿಗೆ ಹೋಗುವವರು ಬಹಳ ಮಟ್ಟಿಗೆ ವೇಳಾಪಟ್ಟಿಯನ್ನು ಹುಡುಕುತ್ತಾರೆ. ಅಲ್ಲಿ ಎದುರಾಗುವುದು ಹಿರಿಯಕ್ಕ.

ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ. ಗುಂಪಿನಲ್ಲಿದ್ದ ಒಬ್ಬ ಯೇಸುವಿನ ಬಳಿ ಬಂದು, ಪಿತ್ರಾರ್ಜಿತದಲ್ಲಿ ನನ್ನ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳಿ ಎಂದು ಕೇಳುತ್ತಾನೆ. ನ್ಯಾಯವಾದ ಬೇಡಿಕೆಯೇ ಇರಬಹುದು. ಆಸ್ತಿಯ ಪಾಲಿಗಾಗಿ ತಲೆಮಾರುಗಟ್ಟಲೆ ಕೋರ್ಟು ಅಲೆಯುವ ನಮಗೆ ಆ ಮನುಷ್ಯನ ಸಂಕಟ ಅರ್ಥವಾಗದ್ದೇನಲ್ಲ. ಯೇಸು ಪಂಚಾಯಿತಿ ಮಾಡಲು ಒಪ್ಪುವುದಿಲ್ಲ. ಬದಲಿಗೆ ಒಂದು ಕಥೆ ಹೇಳುತ್ತಾನೆ: ಭೂಮಿ ಚೆನ್ನಾಗಿ ಬೆಳೆದಾಗ ಒಬ್ಬ ಸಾಹುಕಾರ ಇದ್ದ ಕಣಜಗಳನ್ನು ಕೆಡವಿ ಇನ್ನೂ ದೊಡ್ಡವನ್ನು ಕಟ್ಟಿಸುವ ಯೋಜನೆ ಹಾಕುತ್ತಾನೆ, ಆ ರಾತ್ರಿಯೇ ಸಾಯುತ್ತಾನೆ. ಸಾಹುಕಾರ ಕಳ್ಳನಲ್ಲ, ಸೋಮಾರಿಯೂ ಅಲ್ಲ. ಅವನ ಯೋಜನೆಯಲ್ಲಿ ಎರಡನೆಯ ಮನುಷ್ಯನೇ ಇಲ್ಲ, ಅಷ್ಟೇ. ಪಾಲು ಕೇಳಲು ಬಂದವನು ಮನೆಗೆ ಹೋಗಿ ಏನು ಮಾಡಿದನೆಂದು ಲೂಕ ಹೇಳುವುದಿಲ್ಲ.

ಇದರಿಂದ ಬೈಬಲ್ ಯೋಜನೆಯನ್ನೇ ಬೇಡವೆನ್ನುತ್ತದೆ ಎಂದುಕೊಳ್ಳಬಾರದು. ಎರಡೇ ಅಧ್ಯಾಯ ದಾಟಿದರೆ, ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ ಎಂದು ಅದೇ ಯೇಸು ಕೇಳುತ್ತಾನೆ. ಮುಂದಿನ ವರ್ಷ ಇಂಥ ಪಟ್ಟಣಕ್ಕೆ ಹೋಗಿ ವ್ಯಾಪಾರ ಮಾಡಿ ಲಾಭ ಗಳಿಸುತ್ತೇವೆ ಎನ್ನುವವರನ್ನು ಯಾಕೋಬನ ಪತ್ರ ಗದರಿಸುವುದು ವ್ಯಾಪಾರ ಮಾಡಿದ್ದಕ್ಕಲ್ಲ, ನಾಳೆ ತಮ್ಮ ಕೈಯಲ್ಲಿದೆ ಎಂದು ತಿಳಿದದ್ದಕ್ಕೆ. ಯೆರೆಮೀಯನೂ ಆಸ್ತಿ ಕೊಂಡವನೇ. ಯೆರೂಸಲೇಮನ್ನು ಶತ್ರುಸೇನೆ ಸುತ್ತುಗಟ್ಟಿರುವಾಗ, ತಾನು ಸೆರೆಯಲ್ಲಿರುವಾಗ, ಅನಾತೋತಿನಲ್ಲಿದ್ದ ಬಂಧುವಿನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಂಡ. ಸಾಕ್ಷಿಗಳ ಎದುರು ಕ್ರಯಪತ್ರ ಬರೆಸಿ ಮಣ್ಣಿನ ಪಾತ್ರೆಯಲ್ಲಿ ಇಡಿಸಿದ. ಮುತ್ತಿಗೆಯ ಊರಿನಲ್ಲಿ ಹೊಲ ಕೊಳ್ಳುವುದು ಲಾಭದ ಲೆಕ್ಕಕ್ಕೆ ಸಿಗದ ವ್ಯವಹಾರ. ಈ ನೆಲದಲ್ಲಿ ಮತ್ತೆ ಕೊಡುಕೊಳ್ಳುವಿಕೆ ನಡೆಯುತ್ತದೆ ಎಂಬ ನಂಬಿಕೆಯನ್ನು ಆತ ಹಣ ಕೊಟ್ಟು ತೋರಿಸಿದ. ತಾನು ಆ ಹೊಲವನ್ನು ಉಳಲಿಲ್ಲ. ಕೊನೆಗೆ ಆತನನ್ನು ಇಷ್ಟವಿಲ್ಲದಿದ್ದರೂ ಈಜಿಪ್ಟಿಗೆ ಕರೆದೊಯ್ದರು.

ಗ್ರಂಥ ಒಂದೇ ದನಿಯಲ್ಲಿ ಮಾತಾಡುವುದಿಲ್ಲ ಎಂಬುದು ಹೊಸ ಓದುಗರನ್ನು ಗಾಬರಿಗೊಳಿಸುತ್ತದೆ. ಜ್ಞಾನೋಕ್ತಿಗಳ 26ನೆಯ ಅಧ್ಯಾಯದಲ್ಲಿ ಮೂಢನಿಗೆ ಉತ್ತರ ಕೊಡಬೇಡ ಎಂದು ಒಂದು ಉಕ್ತಿ ಹೇಳಿದರೆ, ಕೊಡು ಎಂದು ಅದರ ಪಕ್ಕದ ಉಕ್ತಿಯೇ ಹೇಳುತ್ತದೆ. ಸಂಪಾದಿಸಿದವರ ಕಣ್ಣು ತಪ್ಪಿತೆಂದು ನನಗೆ ಅನ್ನಿಸುವುದಿಲ್ಲ. ಎದುರಿಗಿರುವ ಮೂಢ ಎಂಥವನೆಂದು ನೋಡುವ ವಿವೇಕವನ್ನು ಓದುಗನಿಗೇ ಬಿಟ್ಟಿದ್ದಾರೆ. ಒಳ್ಳೆಯವರಿಗೆ ಒಳ್ಳೆಯದಾಗುತ್ತದೆ ಎಂದು ಜ್ಞಾನೋಕ್ತಿಗಳು ಭರವಸೆ ಕೊಟ್ಟರೆ ಯೋಬನ ಗ್ರಂಥ ಅದನ್ನು ಎದುರುಹಾಕಿಕೊಳ್ಳುತ್ತದೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಮೈತುಂಬ ಹುಣ್ಣಾಗಿ ಕೂತವನ ಬಳಿ ಸ್ನೇಹಿತರು ಬಂದು, ನೀನು ಏನೋ ತಪ್ಪು ಮಾಡಿರಬೇಕು ಎಂದು ಧರ್ಮಸಮ್ಮತವಾದ ಮಾತುಗಳನ್ನೇ ಆಡುತ್ತಾರೆ. ಕೊನೆಗೆ ದೇವರು ಕೋಪಿಸಿಕೊಳ್ಳುವುದು ಆ ಸ್ನೇಹಿತರ ಮೇಲೆ. ಜಗಳವಾಡಿದ ಯೋಬನೇ ಸರಿಯಾಗಿ ಮಾತಾಡಿದ ಎನ್ನುತ್ತಾನೆ. ಬೈಬಲಿನ ಅರಣ್ಯಕಾಂಡದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ಗಂಡುಮಕ್ಕಳಿಲ್ಲವೆಂಬ ಕಾರಣಕ್ಕೆ ನಮ್ಮ ತಂದೆಯ ಹೆಸರು ಯಾಕೆ ಅಳಿಯಬೇಕು ಎಂದು ಕೇಳುತ್ತಾರೆ. ಮೋಶೆ ದೇವರನ್ನು ವಿಚಾರಿಸುತ್ತಾನೆ. ಹೆಣ್ಣುಮಕ್ಕಳು ಹೇಳುವುದು ನ್ಯಾಯವೆಂಬ ಉತ್ತರ ಬರುತ್ತದೆ, ಕಾನೂನು ಬದಲಾಗುತ್ತದೆ. ಪ್ರಶ್ನೆ ಕೇಳುವುದು ಅವಿಶ್ವಾಸ ಎಂದು ಬೋಧಿಸುವವರು ಈ ಪುಟಗಳನ್ನು ಇನ್ನೊಮ್ಮೆ ತಿರುವಬೇಕು.

ಜರ್ಮನಿಯ ತತ್ತ್ವಜ್ಞ ಗಾಡಮರ್ 1960ರ ತನ್ನ ದೊಡ್ಡ ಗ್ರಂಥದಲ್ಲಿ ಅಧಿಕಾರದ ಬಗ್ಗೆ ಹೇಳಿದ್ದು ಇಲ್ಲಿಗೆ ಒಪ್ಪುತ್ತದೆ. ನಿಜವಾದ ಅಧಿಕಾರ ಕುರುಡು ವಿಧೇಯತೆಯ ಮೇಲೆ ನಿಲ್ಲುವುದಿಲ್ಲ. ಈ ವಿಷಯದಲ್ಲಿ ಇವರ ನೋಟ ನನ್ನದಕ್ಕಿಂತ ಆಳವಾದದ್ದು ಎಂದು ಗುರುತಿಸಿ ಒಪ್ಪುವುದರ ಮೇಲೆ ನಿಲ್ಲುತ್ತದೆ. ಗುರುತಿಸುವುದು ಬುದ್ಧಿಯ ಕೆಲಸವೇ.

ಹಾಗೆ ಗುರುತಿಸುವ ಕಣ್ಣು ಮುಚ್ಚಿದಾಗ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳಿವೆ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗಾಗಿ ಆಯ್ದ ಬೈಬಲ್ ಒಂದು ಅಚ್ಚಾಯಿತು. ಇಸ್ರಾಯೇಲರು ಫರೋಹನ ದಾಸ್ಯದಿಂದ ಹೊರಬಂದ ಕಥೆಯನ್ನು ಅದರಿಂದ ಕತ್ತರಿಸಿ ತೆಗೆದಿದ್ದರು. ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಎಂಬ ಮಾತು ಉಳಿದಿತ್ತು. ಕತ್ತರಿ ಹಿಡಿಯದೆಯೂ ಇದೇ ಕೆಲಸ ಮಾಡಬಹುದು. ಬೇಕಾದ ವಚನಕ್ಕೆ ಗೆರೆ ಎಳೆದು ಉಳಿದದ್ದನ್ನು ದಾಟಿಹೋದರೆ ಸಾಕು. ಮತ್ತಾಯನ ಸುವಾರ್ತೆಯಲ್ಲಿ ಸೈತಾನನೇ ಯೇಸುವನ್ನು ಶೋಧಿಸಲು 91ನೆಯ ಕೀರ್ತನೆಯನ್ನು ಉದ್ಧರಿಸುತ್ತಾನೆ. ಈ ಅಪಾಯಕ್ಕೆ ಸಂತ ಅಗಸ್ಟೀನ ಒಂದು ಒರೆಗಲ್ಲು ಕೊಟ್ಟಿದ್ದಾನೆ. ದೇವರ ಮೇಲಿನ, ನೆರೆಯವರ ಮೇಲಿನ ಪ್ರೀತಿಯನ್ನು ಬೆಳೆಸದ ವ್ಯಾಖ್ಯಾನ ಎಷ್ಟೇ ಪಾಂಡಿತ್ಯದ್ದಾದರೂ, ಅದನ್ನು ಮಾಡಿದವನಿಗೆ ಗ್ರಂಥ ಅರ್ಥವಾಗಿಲ್ಲ. ಬೈಬಲಿನಿಂದ ಸಿಕ್ಕ ಮಾರ್ಗದರ್ಶನ ಎಂದು ಯಾರೇ ಏನೇ ಹೇಳಿದರೂ ನಾನು ಮೊದಲು ಹಿಡಿಯುವುದು ಈ ಒರೆಗಲ್ಲನ್ನೇ.

ಒಬ್ಬ ವ್ಯಕ್ತಿ ಈ ಎಚ್ಚರವನ್ನು ಇಟ್ಟುಕೊಂಡೇ ಗ್ರಂಥಕ್ಕೆ ತನ್ನನ್ನು ಒಪ್ಪಿಸಿದ ದಾಖಲೆ, ಹಿಟ್ಲರನ ವಿರೋಧಿಯಾಗಿದ್ದ ಜರ್ಮನ್ ದೇವತಾಶಾಸ್ತ್ರಜ್ಞ ಡೀಟ್ರಿಖ್ ಬೊನ್‌ಹಾಫರನ ದಿನಚರಿಯಲ್ಲಿದೆ. ಹಿಟ್ಲರನ ಜರ್ಮನಿಯಿಂದ ಅಮೆರಿಕದ ಸ್ನೇಹಿತರು ಅವನನ್ನು 1939ರ ಜೂನ್‌ನಲ್ಲಿ ನ್ಯೂಯಾರ್ಕಿಗೆ ಕರೆಸಿಕೊಂಡಿದ್ದರು. ಕೆಲಸವೂ ಸುರಕ್ಷಿತ ಬಾಳೂ ಕಾದಿದ್ದವು. ಅವನಿಗೆ ನಿದ್ದೆ ಹತ್ತಲಿಲ್ಲ. ದಿನಕ್ಕೊಂದು ವಚನ ಓದುವ ಪದ್ಧತಿಯಲ್ಲಿ, ಚಳಿಗಾಲಕ್ಕೆ ಮುಂಚೆ ಬಂದುಬಿಡು ಎಂದು ಪೌಲನು ತಿಮೊಥೆಯನಿಗೆ ಬರೆದ ಮಾತು ಎದುರಾಯಿತು. ಅದು ಪೌಲ ತನ್ನ ಶಿಷ್ಯನಿಗೆ ಹೇಳಿದ ಖಾಸಗಿ ಮಾತೆಂದು ದೇವತಾಶಾಸ್ತ್ರಜ್ಞನಾದ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಅದು ತನಗೆ ಹೇಳಿದ್ದೆಂದು ತೆಗೆದುಕೊಂಡರೆ ಗ್ರಂಥದ ದುರುಪಯೋಗವಾಗದು ಎಂದು ಬರೆದುಕೊಂಡ. ತನ್ನ ಉದ್ದೇಶಗಳು ತನಗೇ ಪೂರ್ತಿ ತಿಳಿಯವು ಎಂದೂ ಬರೆದುಕೊಂಡ. ಜುಲೈನಲ್ಲಿ ಹಡಗು ಹತ್ತಿ ಜರ್ಮನಿಗೆ ಮರಳಿದ; 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯೂರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಪರೀಕ್ಷೆಯ ಬೆಳಿಗ್ಗೆ ವಚನ ಹುಡುಕುವುದಕ್ಕೂ ಇದಕ್ಕೂ ಹೊರನೋಟಕ್ಕೆ ಹೋಲಿಕೆಯಿದೆ. ಆದರೆ ಆ ವಚನ ಅವನಿಗೆ ಬೇಕಾದದ್ದನ್ನು ತಂದುಕೊಡಲಿಲ್ಲ, ಕೈಯಲ್ಲಿದ್ದ ಸುರಕ್ಷತೆಯನ್ನು ಕಸಿದುಕೊಂಡಿತು.

ನಮಗೆ ಇನ್ನೂ ಹತ್ತಿರದವರು ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ ಹುಟ್ಟಿದರು. ಹೆಂಗಸರಿಗೆ ಸಂಸ್ಕೃತ ಕಲಿಸಬಾರದೆಂಬ ಕಟ್ಟಳೆ ಮೀರಿ ಹೆಂಡತಿಗೂ ಮಗಳಿಗೂ ಕಲಿಸಿದವರು ಆ ಶಾಸ್ತ್ರಿಗಳು. ಪುರಾಣ ಹೇಳುತ್ತ ತೀರ್ಥಕ್ಷೇತ್ರ ಸುತ್ತುತ್ತಿದ್ದ ಆ ಕುಟುಂಬವನ್ನು 1870ರ ದಶಕದ ಬರ ನುಂಗಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. 1878ರಲ್ಲಿ ಕಲ್ಕತ್ತದ ವಿದ್ವಾಂಸರು ಈ ಹುಡುಗಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಧರ್ಮಶಾಸ್ತ್ರಗಳನ್ನು ಓದುತ್ತ ಹೋದಂತೆ ಹೆಣ್ಣಿಗೂ ಶೂದ್ರರಿಗೂ ಅವು ಮುಚ್ಚಿದ ಬಾಗಿಲುಗಳು ಅವರ ನಂಬಿಕೆಯನ್ನು ಅಲ್ಲಾಡಿಸಿದವೆಂದು ಮುಂದೆ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಮದುವೆಯಾಗಿ ಎರಡೇ ವರ್ಷಕ್ಕೆ, 1882ರಲ್ಲಿ, ಗಂಡ ಕಾಲರಾದಿಂದ ತೀರಿಕೊಂಡರು. ಕೈಯಲ್ಲಿ ಹಸುಗೂಸು.

1883ರಲ್ಲಿ ಇಂಗ್ಲೆಂಡಿಗೆ ಹೊರಟಾಗ ರಮಾಬಾಯಿಯವರ ಗುರಿ ಸ್ಪಷ್ಟವಿತ್ತು: ವೈದ್ಯೆಯಾಗಿ ಬಂದು ಈ ದೇಶದ ಹೆಂಗಸರಿಗೆ ಚಿಕಿತ್ಸೆ ಕೊಡುವುದು. ಕಿವಿ ಮಂದವಾಗಿದ್ದರಿಂದ ಆ ದಾರಿ ಮುಚ್ಚಿತು. ಅದೇ ಹೊತ್ತಿನಲ್ಲಿ ಲಂಡನ್ನಿನ ಫುಲ್‌ಹ್ಯಾಮಿನಲ್ಲಿ, ಸಮಾಜ ಪತಿತರೆಂದು ತಳ್ಳಿದ ಹೆಂಗಸರನ್ನು ಕ್ರೈಸ್ತ ಸೋದರಿಯರು ಪ್ರೀತಿಯಿಂದ ನೋಡಿಕೊಳ್ಳುವ ಮನೆಯೊಂದನ್ನು ಕಂಡರು. ಇದೆಲ್ಲ ಯಾಕೆಂದು ಕೇಳಿದಾಗ ಸೋದರಿಯೊಬ್ಬರು ಯೋಹಾನನ ಸುವಾರ್ತೆಯಿಂದ, ಬಾವಿಕಟ್ಟೆಯಲ್ಲಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಪ್ರಸಂಗವನ್ನು ಓದಿ ಹೇಳಿದರು. ಆ ವರ್ಷ ಸೆಪ್ಟೆಂಬರಿನಲ್ಲಿ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಅವರನ್ನು ಇಲ್ಲಿಗೆ ಕರೆತರುತ್ತಿರಲಿಲ್ಲ. ಗ್ರಂಥವನ್ನು ನಂಬಿದ ರಮಾಬಾಯಿ, ಗ್ರಂಥದ ಹೆಸರಿನಲ್ಲಿ ತಮಗೆ ಅಪ್ಪಣೆ ಕೊಡಲು ಬಂದವರನ್ನೆಲ್ಲ ನಂಬಲು ಒಪ್ಪಲಿಲ್ಲ. ಇವರು ಗಂಡಸರಿಗೆ ಪಾಠ ಹೇಳುವುದು ಸಲ್ಲದೆಂದು ಬಿಷಪರು ಆಕ್ಷೇಪಿಸಿದಾಗ ಪ್ರತಿಭಟಿಸಿದರು. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ನೇ ಯಾಕಿರಬೇಕು, ಸಂಸ್ಕೃತ ಯಾಕಾಗದು ಎಂದು ಕೇಳಿದರು. ತ್ರಯೈಕ್ಯ ಸಿದ್ಧಾಂತವನ್ನು, ಕನ್ಯಾಜನನವನ್ನು ಪ್ರಶ್ನಿಸಿದರು. ಗುರುಸಮಾನರಾದ ಸೋದರಿ ಜೆರಾಲ್ಡಿನ್ ಅವರಿಗೆ 1885ರಲ್ಲಿ ಬರೆದ ಪತ್ರದಲ್ಲಿ, ಭಾರತದ ಪುರೋಹಿತರ ನೊಗದಿಂದ ಕಷ್ಟಪಟ್ಟು ಬಿಡಿಸಿಕೊಂಡು ಬಂದವಳು ಅಂಥದೇ ಇನ್ನೊಂದು ನೊಗಕ್ಕೆ ಕೊರಳು ಕೊಡಲಾರೆ ಎಂದು ನೇರವಾಗಿ ತಿಳಿಸಿದರು. ತನಗೆ ಕ್ರೈಸ್ತಧರ್ಮ ಸಿಕ್ಕಿತ್ತು, ಕ್ರಿಸ್ತ ಇನ್ನೂ ಸಿಕ್ಕಿರಲಿಲ್ಲ ಎಂದು ಆ ವರ್ಷಗಳ ಬಗ್ಗೆ ಆಮೇಲೆ ಹೇಳಿಕೊಂಡರು. ದೀಕ್ಷೆಯ ನಂತರವೂ ಅವರ ನಂಬಿಕೆ ಮಾಗಲು ಸುಮಾರು ಎಂಟು ವರ್ಷ ಹಿಡಿಯಿತು. ಅಷ್ಟು ಹೊತ್ತಿಗೆ ವೈದ್ಯೆಯಾಗುವ ಗುರಿಯ ಜಾಗದಲ್ಲಿ ಬೇರೊಂದು ಬೆಳೆದಿತ್ತು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಪುಣೆಗೆ ಹೋದ ಆ ಶಾಲೆಯಲ್ಲಿ ಹುಡುಗಿಯರು ಪ್ರಾರ್ಥನೆಗೆ ಸೇರುತ್ತಾರೆಂಬ ವಿವಾದ ಎದ್ದು ಬೆಂಬಲಿಗರು ದೂರ ಸರಿದರು. ಆ ಆಕ್ಷೇಪಕ್ಕೆ ಕಾರಣವೇ ಇರಲಿಲ್ಲವೆಂದು ನಾನು ಹೇಳಲಾರೆ. ಮತಬೋಧನೆ ಇರುವುದಿಲ್ಲವೆಂಬ ಮಾತಿನ ಮೇಲೆ ಶುರುವಾದ ಶಾಲೆ ಅದು. 1896ರ ಬರಗಾಲದಲ್ಲಿ ಮಧ್ಯಪ್ರಾಂತ್ಯದಿಂದ ಅನಾಥ ಹುಡುಗಿಯರನ್ನು ಕರೆತಂದಾಗ ಕೇಡಗಾಂವಿನ ಮುಕ್ತಿ ಸದನ ಬೆಳೆಯಿತು. ಬರದಲ್ಲಿ ತಾಯಿತಂದೆಯರನ್ನು ಕಳೆದುಕೊಂಡವರಿಗೆ ಆ ಹುಡುಗಿಯರ ಹಸಿವು ಏನೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಬಾಳಿನ ಕೊನೆಯ ಭಾಗವನ್ನು ರಮಾಬಾಯಿ ಬೈಬಲನ್ನು ಮರಾಠಿಗೆ ತರುವುದಕ್ಕೆ ಕೊಟ್ಟರು. ಆಗಲೇ ಒಂದು ಮರಾಠಿ ಅನುವಾದವಿತ್ತು. ಹಳ್ಳಿಯ ಹೆಂಗಸರಿಗೆ ಅದು ಕಷ್ಟವೆಂದು ಅವರಿಗೆ ಅನ್ನಿಸಿತು. ಹೀಬ್ರೂ, ಗ್ರೀಕ್ ಎರಡನ್ನೂ ನಡುವಯಸ್ಸು ದಾಟಿದ ಮೇಲೆ ಕಲಿತು, ಮೂಲವನ್ನೇ ಎದುರಿಗಿಟ್ಟುಕೊಂಡು ಕೂತರು. 1921ರಲ್ಲಿ ಮಗಳು ಮನೋರಮಾ ತೀರಿಕೊಂಡಾಗಲೂ ಆ ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ಅವರು ತೀರಿಕೊಳ್ಳುವ ಹೊತ್ತಿಗೆ ಅನುವಾದ ಮುಗಿದಿತ್ತು. ಪುಸ್ತಕವನ್ನು ಅಚ್ಚು ಹಾಕಿದ್ದು ಮುಕ್ತಿ ಸದನದ ಸ್ವಂತ ಮುದ್ರಣಾಲಯ; ಅಲ್ಲಿ ದುಡಿಯುತ್ತಿದ್ದವರು ಆ ಸದನದಲ್ಲಿಯೇ ಅಕ್ಷರ ಕಲಿತ ಹೆಂಗಸರು.